ಸೇರಿನ ಗೋಪುರ, ದಿಮ್ಮಿಯ ಸುತ್ತಳತೆ

ಒಂದು ಬುಷೆಲ್‌ಗೆ ಎಷ್ಟು ಬೋರ್ಡ್ ಫುಟ್? ಮೊಬೈಲಿನ ಯಾವ ಅಳತೆ ಪರಿವರ್ತಕವನ್ನು ಕೇಳಿದರೂ ರೆಪ್ಪೆ ಬಡಿಯುವುದರೊಳಗೆ 14.93 ಎಂಬ ಉತ್ತರ ಬಂದಿರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಬುಷೆಲ್ ಎಂಬುದು ಕಾಳು ಅಳೆಯುವ ಪಾತ್ರೆ, ಅಮೆರಿಕದಲ್ಲಿ ಅದರ ಗಾತ್ರ 2150.42 ಘನ ಅಂಗುಲ. ಬೋರ್ಡ್ ಫುಟ್ ಅದೇ ದೇಶದ ಮರದ ಅಳತೆ: ಒಂದಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಹಲಗೆ, ಅಂದರೆ 144 ಘನ ಅಂಗುಲ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಕೆಲಸ ಮುಗಿಯಿತು. ಆದರೆ ಈ ಉತ್ತರವನ್ನು ಗೋಧಿ ಮಾರುವವನ ಮುಂದೆ ಇಟ್ಟರೂ ಅವನು ನಗುತ್ತಾನೆ, ಹಲಗೆ ಕೊಯ್ಯುವವನ ಮುಂದೆ ಇಟ್ಟರೂ ಅವನು ನಗುತ್ತಾನೆ. ಗೋಧಿಯವನ ಬುಷೆಲ್‌ನಲ್ಲಿ ಕಾಳಿನ ಜೊತೆ ಗಾಳಿಯೂ ಇದೆ. ಹಲಗೆಯವನ ಬೋರ್ಡ್ ಫುಟ್‌ನಲ್ಲಿ ಮರದ ಜೊತೆ ಉದುರಿಹೋದ ಹೊಟ್ಟಿನ ಲೆಕ್ಕವೂ ಇದೆ. ಅಳತೆಯ ಮಾನವೆಂದರೆ ಬರೀ ಗಾತ್ರವಲ್ಲ. ನಷ್ಟ ಯಾರ ಪಾಲಿಗೆ ಎಂಬ ಹಳೆಯ ಜಗಳಕ್ಕೆ ಎಂದೋ ಆದ ರಾಜಿ ಅದರೊಳಗೆ ಅಡಗಿರುತ್ತದೆ. ಪರಿವರ್ತಕ ಯಂತ್ರ ಅಂಕಿಯನ್ನು ದಾಟಿಸುತ್ತದೆ, ರಾಜಿಯನ್ನು ಈಚೆ ದಡದಲ್ಲೇ ಬಿಟ್ಟುಬಿಡುತ್ತದೆ. ಕಾಳಿನ ವ್ಯಾಪಾರ ಈ ರಾಜಿಯನ್ನು ಕಾಗದದ ಮೇಲೆ ಬರೆದಿಡುವುದನ್ನು ಕಲಿತು ಬಹಳ ಕಾಲವಾಯಿತು. ಮರದ ವ್ಯಾಪಾರ ಇನ್ನೂ ಕಲಿತಿಲ್ಲ. ಅದರ ಬೆಲೆ ತೆರುತ್ತಿರುವವನು ಮರ ಬೆಳೆದವನು ಎಂಬುದು ಈ ಬರಹದ ವಾದ.

ಮೊದಲು ಕಾಳಿನ ಕಡೆಯಿಂದ ನೋಡೋಣ. ಬುಷೆಲ್‌ನ ಆ ವಿಚಿತ್ರ ಅಂಕಿ ಆಕಾಶದಿಂದ ಬಿದ್ದದ್ದಲ್ಲ. ಹದಿನೆಂಟೂವರೆ ಅಂಗುಲ ಅಗಲ, ಎಂಟು ಅಂಗುಲ ಆಳ, ಸಮತಟ್ಟಾದ ತಳ ಇರುವ ದುಂಡು ಪಾತ್ರೆಯೇ ಬುಷೆಲ್ ಎಂದು 1690ರ ದಶಕದ ಇಂಗ್ಲೆಂಡಿನ ಕಾನೂನು ಹೇಳಿತು. ಅದರ ಗಾತ್ರ ಲೆಕ್ಕ ಹಾಕಿದರೆ ಬರುವುದೇ 2150.42. ಕಾನೂನು ಪಾತ್ರೆಯ ಅಗಲವನ್ನೂ ಆಳವನ್ನೂ ಬೇರೆ ಬೇರೆಯಾಗಿ ಹೇಳಿದ್ದು ಸುಮ್ಮನಲ್ಲ. ಎರಡು ಪಾತ್ರೆಗಳಿಗೆ ಒಂದೇ ಗಾತ್ರವಿದ್ದರೂ ಬಾಯಿ ಅಗಲವಾಗಿರುವ ಪಾತ್ರೆಯ ಮೇಲೆ ಏರುವ ರಾಶಿ ದೊಡ್ಡದು. ಎತ್ತರದಿಂದ ಸುರಿದ ಕಾಳು ಒತ್ತೊತ್ತಾಗಿ ಕೂರುತ್ತದೆ, ಮೆಲ್ಲಗೆ ಸುರಿದದ್ದು ಸಡಿಲವಾಗಿರುತ್ತದೆ. ಪಾತ್ರೆಯನ್ನು ಒಮ್ಮೆ ಅಲುಗಾಡಿಸಿದರೆ ಇನ್ನೊಂದು ಹಿಡಿ ಹಿಡಿಸುತ್ತದೆ. ಯುರೋಪಿನ ಹಳೆಯ ಅಳತೆಗಳ ಚರಿತ್ರೆ ಬರೆದ ಪೋಲೆಂಡಿನ ಇತಿಹಾಸಕಾರ ವಿಟೋಲ್ಡ್ ಕುಲಾ ಇವೆಲ್ಲವನ್ನೂ ವರ್ಗಸಂಘರ್ಷದ ಸಾಕ್ಷ್ಯವೆಂದೇ ಓದಿದರು. ಗೇಣಿ ಪಡೆಯುವ ಒಡೆಯನಿಗೆ ಗೋಪುರ ಏರಿಸಿದ ಅಳತೆ, ಸಾಲವಾಗಿ ಕೊಡುವಾಗ ಬಾಯಿಮಟ್ಟ ಸವರಿದ ಅಳತೆ. ಪಾತ್ರೆ ಒಂದೇ, ಹೆಸರೂ ಒಂದೇ, ಕಾಳು ಮಾತ್ರ ಬೇರೆ ಬೇರೆ. ಅಮೆರಿಕನ್ನರು ಈ ಗೋಪುರಕ್ಕೂ ಒಂದು ಅಂಕಿ ಕೊಟ್ಟುಬಿಟ್ಟರು: ಸೇಬಿನಂಥ ಹಣ್ಣುಗಳನ್ನು ಅಳೆಯುವ ರಾಶಿ ಬುಷೆಲ್ 2747.7 ಘನ ಅಂಗುಲ, ಸವರಿದ ಬುಷೆಲ್‌ಗಿಂತ ಸುಮಾರು ಶೇ 28 ಹೆಚ್ಚು. ಈ ಅಂಕಿಯನ್ನು ನೆನಪಿಡಿ, ಮರದ ಕಡೆ ಹೋದಾಗ ಇದರ ಅವಳಿಯಂಥದ್ದು ಮತ್ತೆ ಎದುರಾಗುತ್ತದೆ.

ನಮಗೆ ಇದು ಪರದೇಶದ ಕಥೆಯೇನಲ್ಲ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂಬ ಸರಣಿ ಹಳೇ ಮೈಸೂರಿನ ಕಣಗಳಲ್ಲಿ ಓಡಾಡಿದ್ದು ಹೀಗೆಯೇ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬಲ್ಲಿ ಎಲ್ಲರೂ ಒಪ್ಪುತ್ತಿದ್ದರು. ಕೊಳಗಕ್ಕೆ ಎಷ್ಟು ಸೇರು ಎಂಬಲ್ಲಿಗೆ ಬಂದರೆ ಊರಿಗೊಂದು ಮಾತು. ಟಿಪ್ಪುವಿನ ಪತನದ ಮರುವರ್ಷ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಊರೂರಿನ ಅಳತೆಯನ್ನು ಬೇರೆ ಬೇರೆಯಾಗಿಯೇ ಗುರುತು ಮಾಡಿಕೊಳ್ಳಬೇಕಾಯಿತು. ಪಕ್ಕಾ ಸೇರು, ಕಚ್ಚಾ ಸೇರು ಎಂಬ ಜೋಡಿ ಹೆಸರು ಹುಟ್ಟಿದ್ದೂ ಈ ಗೊಂದಲದಲ್ಲಿಯೇ. ಖಂಡುಗವಂತೂ ಕಾಳಿನ ಅಳತೆಯೂ ಹೌದು, ಅಷ್ಟು ಬೀಜ ಬಿತ್ತಬಹುದಾದ ಭೂಮಿಯ ಅಳತೆಯೂ ಹೌದು. ಬೀಜವರಿಯ ಲೆಕ್ಕದಲ್ಲಿ ಒಳ್ಳೆಯ ನೆಲದ ಖಂಡುಗವೂ ಬರಡು ನೆಲದ ಖಂಡುಗವೂ ವಿಸ್ತೀರ್ಣದಲ್ಲಿ ಒಂದೇ ಆಗಬೇಕಿಲ್ಲ. ರಾಶಿ ಅಳೆಯುವಾಗ ಮೊದಲ ಸೇರನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿ ಎಷ್ಟು ಸೊಗಸಾದದ್ದೋ ಅಷ್ಟೇ ಸೂಕ್ಷ್ಮವಾದದ್ದು ಕೂಡ, ಆ ಲಾಭ ಕಣದ ಯಾವ ಬದಿಗೆ ನಿಂತವನದು ಎಂಬುದನ್ನು ಅದು ಹೇಳುವುದಿಲ್ಲ. ಸೇರಿಗೆ ಸವ್ವಾಸೇರು ಎಂಬ ಗಾದೆ ಕನ್ನಡದಲ್ಲಿ ಹುಟ್ಟಿದ್ದು ಕೇವಲ ಜಟ್ಟಿಗಳನ್ನು ಕಂಡಲ್ಲ ಎಂದು ನನಗೆ ಅನುಮಾನ.

ಕಾಳಿನ ವ್ಯಾಪಾರ ಈ ತೊಡಕಿನಿಂದ ಹೊರಬಂದ ದಾರಿ ಕುತೂಹಲದ್ದು. ಅದು ಪಾತ್ರೆಯನ್ನು ಇನ್ನಷ್ಟು ನಿಖರ ಮಾಡಲು ಹೆಣಗಲಿಲ್ಲ, ಪಾತ್ರೆಯನ್ನೇ ಕೈಬಿಟ್ಟಿತು. ಇಂದು ಷಿಕಾಗೋ ಪೇಟೆಯಲ್ಲಿ ಗೋಧಿ ಬುಷೆಲ್ ಲೆಕ್ಕದಲ್ಲೇ ಕೈಬದಲಾಗುತ್ತದೆ, ಆದರೆ ಬುಷೆಲ್ ಅಂದರೆ ಅಲ್ಲಿ 60 ಪೌಂಡ್ ತೂಕ. ಮೆಕ್ಕೆಜೋಳಕ್ಕೆ 56 ಪೌಂಡ್, ಬಾರ್ಲಿಗೆ 48, ಓಟ್ಸ್‌ಗೆ 32. ಹೆಸರು ಗಾತ್ರದ್ದು, ವ್ಯವಹಾರ ತೂಕದ್ದು. ಹಾಗಾಗಿ ಬುಷೆಲ್ ಗೋಧಿಯನ್ನು ಬೋರ್ಡ್ ಫುಟ್‌ಗೆ ಪರಿವರ್ತಿಸುವ ಯಂತ್ರ ಮೊದಲ ಹೆಜ್ಜೆಯಲ್ಲೇ ಎಡವಿದೆ. ಪೇಟೆಯಲ್ಲಿ ಇಲ್ಲದ ಪಾತ್ರೆಯನ್ನು ಅದು ಅಳೆಯುತ್ತಿದೆ. ನಮ್ಮಲ್ಲಿಯೂ ಇದೇ ಆಯಿತು. 1956ರ ಕಾಯ್ದೆ ಸೇರನ್ನು 0.9331 ಕಿಲೋಗ್ರಾಂ ಎಂದು ಕಟ್ಟಿಹಾಕಿ ಮೆಟ್ರಿಕ್ ಪದ್ಧತಿಗೆ ಸೇತುವೆ ಹಾಕಿತು. ಕೊಳಗದ ಜಾಗಕ್ಕೆ ಕ್ವಿಂಟಲ್ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ತೂಕದಲ್ಲಿ ನೀರೂ ಸೇರಿರುತ್ತದೆ ಎಂಬುದು ಗೊತ್ತಾಗುತ್ತಲೇ ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ಮೀರಬಾರದು ಎಂಬ ಷರತ್ತು ಸೇರಿಕೊಂಡಿತು. ಖರೀದಿ ಕೇಂದ್ರದಲ್ಲಿ ತೇವಾಂಶದ ಯಂತ್ರದ ಸುತ್ತ ಜಗಳ ನಡೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಜಗಳಕ್ಕೆ ಒಂದು ಅಂಕಿ ಇದೆ, ರೈತ ಬೆರಳು ತೋರಿಸಿ ಕೇಳಬಹುದಾದ ಬರಹದ ನಿಯಮವಿದೆ.

ಮರದ ಕಡೆಗೆ ತಿರುಗಿದರೆ ಕಾಣುವುದು ಬೇರೆಯೇ ಲೋಕ. ಅಮೆರಿಕದ ಬೋರ್ಡ್ ಫುಟ್ಟನ್ನೇ ತೆಗೆದುಕೊಳ್ಳಿ. ಅಲ್ಲಿ ‘ಎರಡು ನಾಲ್ಕು’ ಎಂದು ಕರೆಯುವ ರೀಪು ನಿಜಕ್ಕೂ ಎರಡಂಗುಲ ನಾಲ್ಕಂಗುಲ ಇರುವುದಿಲ್ಲ. ಒಣಗಿಸಿ, ಹತ್ತರಿ ಹೊಡೆದ ಮೇಲೆ ಉಳಿಯುವುದು ಒಂದೂವರೆ, ಮೂರೂವರೆ ಅಂಗುಲ. ಆದರೆ ಬೋರ್ಡ್ ಫುಟ್ ಲೆಕ್ಕ ಹಾಕುವುದು ಹೆಸರಿನ ಅಳತೆಗೆ. ಎಂಟಡಿ ಉದ್ದದ ಅಂಥ ರೀಪು ಬಿಲ್ಲಿನಲ್ಲಿ 5.33 ಬೋರ್ಡ್ ಫುಟ್, ಕೈಯಲ್ಲಿ 3.5. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮರ ಹೆಸರಿನಲ್ಲಿ ಮಾತ್ರ ಉಳಿದಿದೆ. ಇದನ್ನು ಮೋಸ ಎನ್ನುವಂತಿಲ್ಲ, ಅಲ್ಲಿಯ ಬಡಗಿಗೂ ಗಿರಾಕಿಗೂ ಗೊತ್ತಿರುವ ವಿಷಯವೇ. ಆದರೆ ಆ ಬಿಲ್ಲನ್ನು ಹಿಡಿದು ಘನ ಮೀಟರಿಗೆ ಪರಿವರ್ತಿಸುವ ಹೊರಗಿನವನಿಗೆ ಗೊತ್ತಿರಬೇಕಲ್ಲ! ಸೌದೆಯ ಕಥೆ ಇನ್ನೂ ದೊಡ್ಡದು. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ ಪೇರಿಸಿದ ರಾಶಿಗೆ ಅಲ್ಲಿ ಒಂದು ಕಾರ್ಡ್ ಎನ್ನುತ್ತಾರೆ, 128 ಘನ ಅಡಿ. ಗಣಿತದ ಪ್ರಕಾರ ಅದರಲ್ಲಿ 1536 ಬೋರ್ಡ್ ಫುಟ್ ಇರಬೇಕು. ಕೊಯ್ಯುವವರ ರೂಢಿಯ ಲೆಕ್ಕದಲ್ಲಿ ಒಂದು ಕಾರ್ಡ್ ದಿಮ್ಮಿಯಿಂದ ಸಿಗುವುದು ಸುಮಾರು 500. ಮಿಕ್ಕಿದ್ದು ದಿಮ್ಮಿಗಳ ನಡುವಿನ ಗಾಳಿ, ತೊಗಟೆ, ಅಂಚಿನ ಸೀಳು, ಗರಗಸದ ಹೊಟ್ಟು.

ದಿಮ್ಮಿಯನ್ನು ಕೊಯ್ಯುವ ಮೊದಲೇ ಅದರಲ್ಲಿ ಎಷ್ಟು ಹಲಗೆ ಇದೆ ಎಂದು ಹೇಳಬೇಕಾದಾಗ ಹುಟ್ಟಿಕೊಂಡ ಸೂತ್ರಗಳು ಅಮೆರಿಕ ಮತ್ತು ಕೆನಡಾಗಳಲ್ಲಿ ತೊಂಬತ್ತಕ್ಕೂ ಹೆಚ್ಚು. ಅವುಗಳಲ್ಲಿ ಡಾಯ್ಲ್ ಎಂಬವನ ಸೂತ್ರ 1820ರ ದಶಕದ್ದು. ದಿಮ್ಮಿಯ ವ್ಯಾಸದಿಂದ ನಾಲ್ಕಂಗುಲ ಕಳೆ, ಉಳಿದದ್ದನ್ನು ನಾಲ್ಕರಿಂದ ಭಾಗಿಸು, ಬಂದದ್ದನ್ನು ವರ್ಗ ಮಾಡಿ ಉದ್ದದಿಂದ ಗುಣಿಸು. ಬಾಯಿಲೆಕ್ಕಕ್ಕೆ ಸಲೀಸು. ಆದರೆ ನಾಲ್ಕಂಗುಲದ ಕಡಿತ ಸಣ್ಣ ಮರಕ್ಕೂ ದೊಡ್ಡ ಮರಕ್ಕೂ ಒಂದೇ. ಹನ್ನೆರಡಂಗುಲ ವ್ಯಾಸ, ಹದಿನಾರಡಿ ಉದ್ದದ ಒಂದೇ ದಿಮ್ಮಿಗೆ ಡಾಯ್ಲ್ ಸೂತ್ರ 64 ಬೋರ್ಡ್ ಫುಟ್ ಕೊಟ್ಟರೆ, 1846ರ ಸ್ಕ್ರಿಬ್ನರ್ ಕೋಷ್ಟಕ 79 ಕೊಡುತ್ತದೆ, ಇಪ್ಪತ್ತನೇ ಶತಮಾನದ ಆರಂಭದ ಇಂಟರ್‌ನ್ಯಾಷನಲ್ ಸೂತ್ರ 95 ಕೊಡುತ್ತದೆ. ಮೂರೂ ಬೋರ್ಡ್ ಫುಟ್ಟೇ. ಡಾಯ್ಲ್ ಲೆಕ್ಕದಲ್ಲಿ ಕೊಂಡು, ತೆಳು ಗರಗಸದಲ್ಲಿ ಕೊಯ್ದು, ಹೆಚ್ಚು ಹಲಗೆ ತೆಗೆದಾಗ ಬರುವ ಹೆಚ್ಚುವರಿಗೆ ಗಿರಣಿಗಳು ಓವರ್‌ರನ್ ಎಂಬ ಮುದ್ದಾದ ಹೆಸರು ಕೊಟ್ಟುಕೊಂಡಿವೆ. ಮರ ಬೆಳೆದವನ ಪುಸ್ತಕದಲ್ಲಿ ಅದಕ್ಕೆ ಹೆಸರೇ ಇಲ್ಲ.

ನಮ್ಮ ಮರದ ಪೇಟೆ ಬೋರ್ಡ್ ಫುಟ್ ಬಳಸುವುದಿಲ್ಲ. ಅಗಲದ ಅಂಗುಲ, ದಪ್ಪದ ಅಂಗುಲ, ಉದ್ದದ ಅಡಿ, ಈ ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಸಿಎಫ್‌ಟಿ, ಅಂದರೆ ಘನ ಅಡಿ. ಇಷ್ಟನ್ನು ಬಾಯಿಪಾಠ ಮಾಡದ ಬಡಗಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಅದೇ ಗುಣಾಕಾರವನ್ನು 12ರಿಂದ ಭಾಗಿಸಿದರೆ ಅಮೆರಿಕದ ಬೋರ್ಡ್ ಫುಟ್. ಕೊಯ್ದ ಹಲಗೆಗೆ ಈ ಲೆಕ್ಕ ಚೊಕ್ಕವಾಗಿದೆ. ತೊಡಕಿರುವುದು ಕೊಯ್ಯದ ದುಂಡು ದಿಮ್ಮಿಯಲ್ಲಿ. ಅಲ್ಲಿ ನಮ್ಮನ್ನು ಆಳುತ್ತಿರುವವನು ಎಡ್ವರ್ಡ್ ಹಾಪಸ್ ಎಂಬ ಲಂಡನ್ನಿನ ಸರ್ವೇಯರ್. 1736ರಲ್ಲಿ ಅವನು ಪ್ರಕಟಿಸಿದ ಕೋಷ್ಟಕಗಳು ಬ್ರಿಟಿಷ್ ಅರಣ್ಯಾಧಿಕಾರಿಗಳ ಜೊತೆ ಹಡಗು ಹತ್ತಿ ಬಂದು ಭಾರತದಲ್ಲೂ ಬರ್ಮಾದಲ್ಲೂ ಬೇರೂರಿದವು. ಬರ್ಮಾ ತೇಗದ ಲೋಕಪ್ರಸಿದ್ಧ ‘ಟನ್’ ತೂಕವಲ್ಲ, 50 ಹಾಪಸ್ ಘನ ಅಡಿ. ಅರಣ್ಯಶಾಸ್ತ್ರದ ಪಠ್ಯಗಳಲ್ಲಿ ಇದರ ಹೆಸರು ಕ್ವಾರ್ಟರ್ ಗರ್ತ್ ಸೂತ್ರ, ಕಾಲು ಸುತ್ತಳತೆಯ ಲೆಕ್ಕ. ದಿಮ್ಮಿಯ ನಡುವಿಗೆ ಟೇಪು ಸುತ್ತು, ಬಂದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ವರ್ಗ ಮಾಡು, ಉದ್ದದಿಂದ ಗುಣಿಸು. ದುಂಡು ಮರವನ್ನು ಅಷ್ಟೇ ಸುತ್ತಳತೆಯ ಚೌಕ ತೊಲೆ ಎಂದು ಭಾವಿಸಿಕೊಂಡರೆ ಬರುವ ಉತ್ತರ ಇದು. ಹೈಸ್ಕೂಲಿನ ರೇಖಾಗಣಿತ ನೆನಪಿರುವವರಿಗೆ ಗೊತ್ತು, ಒಂದೇ ಸುತ್ತಳತೆಯ ಆಕಾರಗಳಲ್ಲಿ ಅತಿ ಹೆಚ್ಚು ಜಾಗ ಹಿಡಿಯುವುದು ವೃತ್ತ. ಚೌಕಕ್ಕೆ ಸಿಗುವುದು ಅದರ ಶೇ 78.5 ಮಾತ್ರ.

ನಾಲ್ಕಡಿ ಸುತ್ತಳತೆ, ಹತ್ತಡಿ ಉದ್ದದ ಒಂದು ದಿಮ್ಮಿಯನ್ನು ಎದುರಿಗಿಟ್ಟುಕೊಳ್ಳೋಣ. ಹಾಪಸ್ ಲೆಕ್ಕದಲ್ಲಿ ಅದು ಸರಿಯಾಗಿ 10 ಘನ ಅಡಿ. ನಿಜವಾದ ಗಾತ್ರ 12.73 ಘನ ಅಡಿ. ಅಂದರೆ ಒಂದು ಹಾಪಸ್ ಘನ ಅಡಿಯೊಳಗೆ 1.27 ನಿಜವಾದ ಘನ ಅಡಿ ಮರವಿದೆ, ಶೇ 27 ಹೆಚ್ಚು. ಸೇಬಿನ ಬುಷೆಲ್ ಮೇಲಿನ ಗೋಪುರ ಮತ್ತೆ ಕಾಣಿಸಿತಲ್ಲ? ಎರಡೂ ಅಂಕಿ ಹತ್ತಿರ ಹತ್ತಿರ ಬಂದದ್ದು ಕಾಕತಾಳೀಯ, ಆದರೆ ನಡೆಯುತ್ತಿರುವ ವ್ಯವಹಾರ ಒಂದೇ ಜಾತಿಯದು. ಹೆಸರಿನಲ್ಲಿ ಕಾಣದ ಹೆಚ್ಚುವರಿಯೊಂದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿದೆ. ಇದರ ಮೇಲೆ ಟೇಪಿನ ರೂಢಿಗಳು ಬೇರೆ. ಸುತ್ತಳತೆಯ ಭಿನ್ನಾಂಶ ಬಿಟ್ಟುಬಿಡುವುದು, ತೊಗಟೆಗೆಂದು ಅಂಗುಲ ಕಳೆಯುವುದು. ಸುತ್ತಳತೆ ಲೆಕ್ಕದಲ್ಲಿ ವರ್ಗವಾಗುವುದರಿಂದ ನಲವತ್ತೆಂಟು ಅಂಗುಲದಲ್ಲಿ ಒಂದೇ ಒಂದು ಅಂಗುಲ ಬಿಟ್ಟರೂ ಮರದಲ್ಲಿ ಶೇ 4ಕ್ಕಿಂತ ಹೆಚ್ಚು ಕರಗುತ್ತದೆ.

ಈಗ ಪರಿವರ್ತನೆಯ ಪ್ರಶ್ನೆಗೆ ಬನ್ನಿ, ಅಪಾಯ ಬಲಿಯುವುದು ಅಲ್ಲಿ. ಒಂದು ಘನ ಮೀಟರಿಗೆ 35.31 ಘನ ಅಡಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಒಂದು ಘನ ಮೀಟರಿಗೆ ಹಾಪಸ್ ಘನ ಅಡಿ 27.74 ಮಾತ್ರ. ಪೇಟೆಯಲ್ಲಿ ಎರಡಕ್ಕೂ ಸಿಎಫ್‌ಟಿ ಎಂಬ ಒಂದೇ ಹೆಸರು. ಲೆಕ್ಕದ ಸುಲಭಕ್ಕೆ ದಿಮ್ಮಿಗೆ ಸಿಎಫ್‌ಟಿಗೆ ಸಾವಿರ ರೂಪಾಯಿ ಎಂದು ಇಟ್ಟುಕೊಳ್ಳಿ. ತನ್ನ ತೋಟದಲ್ಲಿ ನಿಜವಾದ ಒಂದು ಘನ ಮೀಟರ್ ಮರ ಇದೆಯೆಂದು ತಿಳಿದ ಬೆಳೆಗಾರ ಪುಸ್ತಕದ ಗುಣಕ ನಂಬಿ 35,310 ರೂಪಾಯಿ ನಿರೀಕ್ಷಿಸುತ್ತಾನೆ. ಅವನ ಕೈಗೆ ಬರುವುದು 27,740. ಏಳೂವರೆ ಸಾವಿರದ ಈ ವ್ಯತ್ಯಾಸದಲ್ಲಿ ಯಾರೂ ಸುಳ್ಳು ಹೇಳಿಲ್ಲ, ತಕ್ಕಡಿಯ ಕೆಳಗೆ ಯಾರೂ ಅಯಸ್ಕಾಂತ ಅಂಟಿಸಿಲ್ಲ. ಪರಿವರ್ತನೆಯ ಕೋಷ್ಟಕ ತನ್ನ ಕೆಲಸ ಮಾಡಿದೆ, ಟೇಪು ತನ್ನ ಕೆಲಸ ಮಾಡಿದೆ. ಒಂದೇ ಹೆಸರಿನ ಎರಡು ಮಾನಗಳ ನಡುವೆ ರೈತನ ಹಣ ಸೋರಿದೆ. ಕೊಳ್ಳುವವನು ಹೊಸಬನಾಗಿದ್ದು ಪುಸ್ತಕದ ಗುಣಕ ನಂಬಿ ದರ ಒಪ್ಪಿದರೆ ಸೋರಿಕೆ ಅವನ ಕಡೆಗೂ ತಿರುಗಬಹುದು, ನಿಜ. ಆದರೆ ವರ್ಷವಿಡೀ ಮರ ಕೊಳ್ಳುವವನು ಎಷ್ಟು ದಿನ ಹೊಸಬನಾಗಿ ಉಳಿದಾನು?

ಇಲ್ಲಿ ವ್ಯಾಪಾರಿಗಳ ಕಡೆಯಿಂದ ಬರುವ ಮೊದಲ ಉತ್ತರವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ದಿಮ್ಮಿ ಕೊಯ್ದಾಗ ನಷ್ಟ ಆಗುವುದು ಸತ್ಯವಲ್ಲವೇ, ಹಾಪಸ್ ಲೆಕ್ಕ ಆ ನಷ್ಟಕ್ಕೆ ಬಿಟ್ಟ ರಿಯಾಯಿತಿ ತಾನೇ ಎಂಬುದು ಅವರ ಮಾತು. ಅರ್ಧ ಸತ್ಯವೇನು, ಮುಕ್ಕಾಲು ಸತ್ಯವೇ ಇದರಲ್ಲಿದೆ. ನಮ್ಮ ಉದಾಹರಣೆಯ ದಿಮ್ಮಿಯ ವ್ಯಾಸ ಹದಿನೈದೂಕಾಲು ಅಂಗುಲ. ಹಾಪಸ್ ಕಲ್ಪಿಸಿಕೊಳ್ಳುವ ಹನ್ನೆರಡಂಗುಲದ ಚೌಕ ತೊಲೆ ಅದರೊಳಗೆ ಹಿಡಿಸುವುದೇ ಇಲ್ಲ, ಆ ಚೌಕದ ಕರ್ಣವೇ ಹದಿನೇಳಂಗುಲ. ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ಚೌಕ ತೊಲೆ ತೆಗೆದರೆ ಸಿಗುವುದು 8.1 ಘನ ಅಡಿ. ಹಾಗೆ ನೋಡಿದರೆ ಹತ್ತು ಘನ ಅಡಿಗೆ ಹಣ ಕೊಟ್ಟ ಗಿರಣಿಯವನೇ ನಷ್ಟದಲ್ಲಿದ್ದಾನೆ! ಆದರೆ ಯಾವ ಗಿರಣಿಯೂ ನಡುವಿನ ಒಂದೇ ತೊಲೆ ತೆಗೆದು ಉಳಿದದ್ದನ್ನು ಒಲೆಗೆ ಹಾಕುವುದಿಲ್ಲ. ಅಂಚಿನಿಂದ ಹಲಗೆ ಬರುತ್ತದೆ, ರೀಪು ಬರುತ್ತದೆ, ಸೀಳು ಸೌದೆಯಾಗುತ್ತದೆ, ಹೊಟ್ಟಿಗೂ ಗಿರಾಕಿಗಳಿದ್ದಾರೆ. ಮುಖ್ಯವಾದ ಮಾತು ಬೇರೆಯೇ ಇದೆ. ಕೊಯ್ಲಿನ ನಷ್ಟ ಗರಗಸದ ದಪ್ಪದ ಮೇಲೆ, ಮರದ ಡೊಂಕಿನ ಮೇಲೆ, ಕೊಯ್ಯುವವನ ಕೈಚಳಕದ ಮೇಲೆ, ಬೇಕಾದದ್ದು ತೊಲೆಯೋ ಪ್ಲೈವುಡ್ಡಿನ ಪದರವೋ ಎಂಬುದರ ಮೇಲೆ ಬದಲಾಗುತ್ತದೆ. 1736ರಲ್ಲಿ ಕೊಡಲಿಯಿಂದ ಚೌಕ ಮಾಡುತ್ತಿದ್ದ ಕಾಲದ ಒಂದು ಸ್ಥಿರಾಂಕ ಇವತ್ತಿನ ಬ್ಯಾಂಡ್ ಸಾ ಗಿರಣಿಯ ನಷ್ಟವನ್ನು ಹೇಗೆ ಹೇಳೀತು? ನಷ್ಟದ ರಿಯಾಯಿತಿ ಬೇಕಿದ್ದರೆ ಅದನ್ನು ದರದಲ್ಲಿ ಕೇಳಲಿ, ಚೌಕಾಸಿ ನಡೆಯಲಿ. ಅಳತೆಯ ಹೊಟ್ಟೆಯೊಳಗೆ ಬಚ್ಚಿಡುವುದೇಕೆ?

ಅರ್ಥಶಾಸ್ತ್ರ ಓದಿದವರ ಆಕ್ಷೇಪ ಇನ್ನೊಂದು ಬಗೆಯದು. ಎಲ್ಲರೂ ಇದೇ ಅಳತೆ ಬಳಸುವುದರಿಂದ ದರವೂ ಅದಕ್ಕೆ ತಕ್ಕಂತೆ ಏರಿ ಹೊಂದಿಕೊಂಡಿರುತ್ತದೆ, ನಾಳೆ ನಿಜ ಗಾತ್ರಕ್ಕೆ ಬದಲಾಯಿಸಿದರೆ ಸಿಎಫ್‌ಟಿ ದರ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ, ಒಟ್ಟು ಹಣ ಅಷ್ಟೇ ಎಂಬ ವಾದ. ಇಬ್ಬರಿಗೂ ಸಮಾನ ತಿಳಿವಳಿಕೆ ಇದ್ದಲ್ಲಿ ಇದು ನಿಜ. ಇಬ್ಬರು ಡಿಪೋ ವ್ಯಾಪಾರಿಗಳ ನಡುವೆ ಹಾಪಸ್ಸೋ ಮತ್ತೊಂದೋ, ಏನೂ ವ್ಯತ್ಯಾಸವಾಗದು. ಆದರೆ ರಾಗಿ ಬೆಳೆಯುವವನು ವರ್ಷಕ್ಕೊಮ್ಮೆ ಮಾರುತ್ತಾನೆ, ಕಳೆದ ವರ್ಷದ ಪೆಟ್ಟಿನಿಂದ ಈ ವರ್ಷ ಪಾಠ ಕಲಿಯುತ್ತಾನೆ. ತೇಗ ಬೆಳೆದವನು, ಕಾಫಿ ತೋಟದ ನೆರಳಿಗೆಂದು ಸಿಲ್ವರ್ ಓಕ್ ಹಾಕಿದವನು ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ, ಬಹುಪಾಲು ಜೀವನದಲ್ಲಿ ಒಂದೇ ಸಲ, ಅದೂ ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಅವಸರದಲ್ಲಿ ಮಾರುತ್ತಾನೆ. ಅವನಿಗೆ ಪಾಠ ಕಲಿಯಲು ಎರಡನೇ ಬೆಳೆ ಇಲ್ಲ. ಮಾರುಕಟ್ಟೆ ಹೊಂದಿಸಿಕೊಳ್ಳುತ್ತದೆ ಎಂಬ ಸಿದ್ಧಾಂತ ಮತ್ತೆ ಮತ್ತೆ ಪೇಟೆಗೆ ಬರುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು.

ಹಾಗಿದ್ದರೆ ಗಾತ್ರದ ರಗಳೆಯೇ ಬೇಡ, ಕಾಳಿನಂತೆ ಮರವನ್ನೂ ತೂಗಿಬಿಡೋಣ ಎನ್ನುವವರಿದ್ದಾರೆ. ಗಂಧವನ್ನು ತೂಗಿಯೇ ಮಾರುತ್ತಾರೆ. ಕಾಗದದ ಕಾರ್ಖಾನೆಗೆ ಹೋಗುವ ನೀಲಗಿರಿ ಟನ್ ಲೆಕ್ಕದಲ್ಲೇ ಹೋಗುತ್ತದೆ. ಆದರೆ ಆಗಷ್ಟೇ ಕಡಿದ ನೀಲಗಿರಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಲಾರಿ ಸಿಗದೆ, ಪರವಾನಗಿ ಬರದೆ ಎರಡು ವಾರ ಬಿಸಿಲಲ್ಲಿ ಬಿದ್ದ ಕಟ್ಟಿಗೆ ಪ್ರತಿದಿನ ಹಗುರವಾಗುತ್ತದೆ, ಅದರಲ್ಲಿನ ನಾರು ಒಂದು ಎಳೆಯೂ ಕಡಿಮೆಯಾಗದಿದ್ದರೂ. ಭತ್ತಕ್ಕೆ ತೇವಾಂಶದ ಅಂಕಿ ಇದ್ದಂತೆ ಈ ಕಟ್ಟಿಗೆಗೂ ಇಲ್ಲದಿದ್ದರೆ ತೂಕವೂ ಇನ್ನೊಂದು ಗೋಪುರದ ಸೇರೇ. ಮಾನ ಬದಲಾಯಿಸಿದ ಮಾತ್ರಕ್ಕೆ ನಷ್ಟದ ಪಾಲು ಬರಹಕ್ಕೆ ಇಳಿಯುವುದಿಲ್ಲ.

ಈ ಮಾತು ಹೊಸದೇನಲ್ಲ, ಮೆಟ್ರಿಕ್ ಪದ್ಧತಿಯನ್ನು ಹುಟ್ಟಿಸಿದವರಿಗೇ ಗೊತ್ತಿತ್ತು. ಫ್ರಾನ್ಸಿನ ಕ್ರಾಂತಿಕಾರಿ ಸರ್ಕಾರ 1795ರ ಏಪ್ರಿಲ್ 7ರಂದು ಮೀಟರ್, ಗ್ರಾಂಗಳ ಜೊತೆಗೆ ಗಾತ್ರಕ್ಕೆ ಒಂದಲ್ಲ, ಎರಡು ಮಾನಗಳನ್ನು ಕಾನೂನಿನಲ್ಲಿ ಬರೆಯಿತು. ದ್ರವಕ್ಕೂ ಕಾಳಿಗೂ ಲೀಟರ್, ಸೌದೆಗೆಂದೇ ಸ್ಟೀರ್. ಒಂದು ಸ್ಟೀರ್ ಅಂದರೆ ಸಾವಿರ ಲೀಟರ್, ಅಂದರೆ ಒಂದು ಘನ ಮೀಟರ್. ಗಣಿತದ ದೃಷ್ಟಿಯಿಂದ ಎರಡನೇ ಹೆಸರು ಶುದ್ಧ ದಂಡ. ದೇವರ ಕ್ಯಾಲೆಂಡರನ್ನೇ ದಶಮಾನಕ್ಕೆ ತಿದ್ದಲು ಹೊರಟ ಆ ಜನ ಇಲ್ಲಿ ಮಾತ್ರ ದುಂದು ಮಾಡಿದ್ದೇಕೆ? ಕಾಳನ್ನು ಪಾತ್ರೆಗೆ ಸುರಿಯುತ್ತಾರೆ, ಸೌದೆಯನ್ನು ಪೇರಿಸುತ್ತಾರೆ ಎಂಬುದು ಅವರಿಗೆ ಕಂಡಿತ್ತು. ಒಂದು ಮೀಟರ್ ಉದ್ದದ ಸೌದೆ ಪೇರಿಸಿದ ಒಂದು ಸ್ಟೀರನ್ನು ಅರ್ಧ ಮೀಟರಿನ ತುಂಡು ಮಾಡಿ ಮತ್ತೆ ಪೇರಿಸಿದರೆ ರಾಶಿ ಸುಮಾರು 0.8 ಘನ ಮೀಟರಿಗೆ ಕುಗ್ಗುತ್ತದೆ. ಮರ ಕಳೆದುಹೋಗಲಿಲ್ಲ, ಗಾಳಿ ಹೊರಗೆ ಹೋಯಿತು. ಜರ್ಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದೇ ಘನ ಮೀಟರಿಗೆ ಮೂರು ಹೆಸರು ಇಟ್ಟುಕೊಂಡಿದ್ದಾರೆ. ಗಟ್ಟಿ ಮರದ್ದು ಫೆಸ್ಟ್‌ಮೀಟರ್, ಪೇರಿಸಿದ್ದು ರೌಮ್‌ಮೀಟರ್, ಸುಮ್ಮನೆ ಸುರಿದದ್ದು ಷ್ಯೂಟ್‌ರೌಮ್‌ಮೀಟರ್. ಪೇರಿಸಿದ ಒಂದರಲ್ಲಿ ಗಟ್ಟಿ ಮರ ಸುಮಾರು 0.7, ಸುರಿದ ಒಂದರಲ್ಲಿ ಸುಮಾರು 0.4. ಸೌದೆ ಕೊಳ್ಳುವ ಸಾಮಾನ್ಯ ಗೃಹಸ್ಥನಿಗೂ ಅಲ್ಲಿ ಹೆಸರು ಕೇಳಿದೊಡನೆ ಗಾಳಿಯ ಪಾಲು ಎಷ್ಟೆಂದು ಗೊತ್ತಾಗುತ್ತದೆ. ಪರಿವರ್ತನೆ ಎಂದರೆ ಇದು. ಅಂಕಿಯ ಜೊತೆ ಅಳೆದ ರೀತಿಯೂ ಪ್ರಯಾಣ ಮಾಡುತ್ತದೆ.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 11ನೇ ಸೆಕ್ಷನ್ ಪ್ರಕಾರ ಪ್ರಮಾಣಿತ ಮಾನ ಬಿಟ್ಟು ಬೇರೆಯದರಲ್ಲಿ ದರ ಹೇಳುವಂತೆಯೇ ಇಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ದಾಂಡೇಲಿಯವರೆಗೆ ಸಿಎಫ್‌ಟಿ ದರ ಕೂಗುವವರನ್ನೆಲ್ಲ ಈ ಸೆಕ್ಷನ್ ಹಿಡಿದು ಬೆನ್ನಟ್ಟಬೇಕು ಎನ್ನುವುದು ಮೂರ್ಖತನ. ಸೇರು ಮದುವೆ ಮನೆಯ ಹೊಸ್ತಿಲಲ್ಲಿ ಉಳಿದಿರುವಂತೆ ಸಿಎಫ್‌ಟಿಯೂ ಬಡಗಿಯ ಬಾಯಲ್ಲಿ ಉಳಿಯಲಿ, ಯಾರಿಗೂ ಕೇಡಿಲ್ಲ. ಘನ ಅಡಿ ಕಿತ್ತು ಘನ ಮೀಟರ್ ನೆಟ್ಟು, ಒಳಗೆ ಅದೇ ಕಾಲು ಸುತ್ತಳತೆಯ ಸೂತ್ರ ಇಟ್ಟುಕೊಂಡರೆ ಕಾಯ್ದೆ ತೃಪ್ತಿಯಾಗಬಹುದು, ರೈತನಿಗೆ ಬಿಡಿಗಾಸೂ ಹೆಚ್ಚು ಬರದು. ಕಾಯ್ದೆಯ ಗಮನ ಮಾನದ ಹೆಸರಿನ ಮೇಲೆ ನಿಂತಿದೆ, ಅಳೆಯುವ ವಿಧಾನಕ್ಕೆ ಇಳಿದಿಲ್ಲ. ರೈತರ ಜಮೀನಿನಲ್ಲಿ ಸಸಿ ಉಳಿದರೆ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಕರ್ನಾಟಕದಲ್ಲಿ 2011-12ರಿಂದ ಇದೆ. ಸಸಿ ನೆಡಿಸಿದ ಸರ್ಕಾರಕ್ಕೆ ಮರ ಮಾರುವ ದಿನದ ಬಗ್ಗೆಯೂ ಒಂದು ಹೊಣೆಯಿದೆ. ದುಂಡು ಮರದ ಪ್ರತಿಯೊಂದು ಮಾರಾಟ ಚೀಟಿಯಲ್ಲೂ ಪ್ರಮಾಣದ ಪಕ್ಕದಲ್ಲಿ ಅಳತೆಯ ಸೂತ್ರ, ತೊಗಟೆಯ ಕಡಿತ, ಸುತ್ತಳತೆ ತೆಗೆದ ಜಾಗ, ಇಷ್ಟನ್ನು ಕಡ್ಡಾಯವಾಗಿ ಬರೆಯಿಸಲಿ. ನಿಜ ಗಾತ್ರವನ್ನೂ ಪಕ್ಕದಲ್ಲೇ ನಮೂದಿಸಲಿ. ಟೇಪು ಅದೇ, ಆಳು ಅದೇ, ಹೆಚ್ಚುವರಿ ಬೇಕಾದದ್ದು ಒಂದು ಭಾಗಾಕಾರ.

ಅಲ್ಲಿಯವರೆಗೆ ಮರ ಬೆಳೆದವರಲ್ಲಿ ಒಂದು ವಿನಂತಿ. ಕೊಡಲಿ ಬೀಳುವ ಮೊದಲು ನೀವೇ ಒಂದು ದರ್ಜಿಯ ಟೇಪು ಹಿಡಿದು ತೋಟಕ್ಕೆ ಇಳಿಯಿರಿ. ಬುಡದಿಂದ ತುದಿಯವರೆಗೆ ಬಳಕೆಗೆ ಬರುವ ಭಾಗದ ನಡುವಿನ ಸುತ್ತಳತೆಯನ್ನು ಅಡಿಯಲ್ಲಿ ಬರೆದುಕೊಂಡು ವರ್ಗ ಮಾಡಿ, ಉದ್ದದಿಂದ ಗುಣಿಸಿ. ಕೊಳ್ಳುವವರು ಅದನ್ನು ಹದಿನಾರರಿಂದ ಭಾಗಿಸುತ್ತಾರೆ. ನೀವು 12.57ರಿಂದ ಭಾಗಿಸಿ ಬಂದ ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡು ದರದ ಮಾತಿಗೆ ಕೂರಿ.